ಪಾಸ್‌ವರ್ಡ್ ಅಕ್ಕನ ಹತ್ತಿರ ಇದೆ

ಮನೆಯಲ್ಲೇ ಕೂತು ಅನುವಾದ ಮಾಡುವುದು ನನ್ನ ಕೆಲಸ. ಹೆಚ್ಚಿನವು ಶಾಲೆ ಮಕ್ಕಳ ವಿಜ್ಞಾನದ ಪಾಠಗಳು, ಇಂಗ್ಲಿಷಿನಿಂದ ಕನ್ನಡಕ್ಕೆ. ಪುಟದ ಲೆಕ್ಕದಲ್ಲಿ ದುಡ್ಡು. 2024ರ ಜುಲೈನಲ್ಲಿ ಒಂದು ಗುರುವಾರ ಬೆಳಿಗ್ಗೆ 9ಕ್ಕೆ ಕೂತವಳು ಸಂಜೆ 5ಕ್ಕೆ ಎದ್ದಾಗ ಎರಡೂವರೆ ಪುಟ ಆಗಿತ್ತು. ಎಂಟು ಪುಟ ಕಳಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ. ಮಧ್ಯೆ ಯಾರೂ ಮನೆಗೆ ಬಂದಿರಲಿಲ್ಲ, ಕರೆಂಟ್ ಹೋಗಿರಲಿಲ್ಲ. ಹಾಗಾದರೆ ದಿನ ಎಲ್ಲಿ ಹೋಯಿತು?

ಕಂಟ್ರೋಲ್ ಮತ್ತು ಎಚ್ ಒಟ್ಟಿಗೆ ಒತ್ತಿದರೆ ಬ್ರೌಸರಿನ ಹಿಸ್ಟರಿ ಬರುತ್ತದೆ. ಅವತ್ತಿನದನ್ನು ಮೇಲಿಂದ ಕೆಳಗೆ ಎಣಿಸಿದೆ. ಸುದ್ದಿ ತಾಣಗಳಿಗೆ 26 ಸಲ ಹೋಗಿದ್ದೆ. ಯೂಟ್ಯೂಬಿಗೆ 19 ಸಲ. ಸೀರೆ ಮಾರುವ ತಾಣಕ್ಕೆ 4 ಸಲ, ಏನೂ ಕೊಂಡಿರಲಿಲ್ಲ. ಎಣಿಸಿ ಮುಗಿಸಿದಾಗ ಅಳು ಬಂತು. ಒಂಬತ್ತನೇ ಕ್ಲಾಸಿನ ಮಗಳು ಏನಾದರೂ ಹೇಳಲು ಬಂದರೆ "ಅಮ್ಮನಿಗೆ ಕೆಲಸ ಇದೆ, ಆಮೇಲೆ ಬಾ" ಎಂದು ಕಳಿಸುತ್ತಿದ್ದೆ. ಆ ಕೆಲಸ ಇದಾಗಿತ್ತು.

ಮನಸ್ಸು ಗಟ್ಟಿ ಮಾಡಿಕೋ ಎಂದು ಹೇಳುವುದು ಸುಲಭ. ನಾನೂ ಮಾಡಿಕೊಂಡೆ, ಮೂರು ದಿನ ನಡೆಯಿತು. ನಾಲ್ಕನೇ ದಿನ ನೋಡಿದರೆ ಮತ್ತೆ ಅದೇ ಪುಟ ತೆರೆದಿದೆ. ಯಾವಾಗ ತೆರೆದೆ ಎಂಬುದೇ ನೆನಪಿಲ್ಲ. ಇದು ನನಗೆ ಹೆದರಿಕೆ ಹುಟ್ಟಿಸಿತು. ನೋಡಬೇಕು ಅಂದುಕೊಂಡು ನೋಡಿದ್ದರೆ ಬೇರೆ ಮಾತು. ಇಲ್ಲಿ ನನ್ನನ್ನು ಕೇಳದೆ ಕೈ ಹೋಗುತ್ತಿತ್ತು.

ನಮ್ಮ ತಂದೆ ಬೆಳಿಗ್ಗೆ ಪೇಪರ್ ಓದಿ ಮಡಚಿ ಟೀಪಾಯಿಯ ಕೆಳಗೆ ಇಟ್ಟರೆ ಅವತ್ತಿನ ಸುದ್ದಿ ಮುಗಿದ ಹಾಗೆ. ಪೇಪರಿಗೆ ಕೊನೆಯ ಪುಟ ಅಂತ ಒಂದು ಇತ್ತು. ಈಗ ಬೆರಳು ಜಾರಿಸಿದಷ್ಟೂ ಕೆಳಗಿನಿಂದ ಇನ್ನೊಂದು ಬರುತ್ತಲೇ ಇರುತ್ತದೆ. ಹೀಗೆ ಮುಗಿಯದೆ ಬರುವ ಪುಟದ ವಿನ್ಯಾಸವನ್ನು 2006ರಲ್ಲಿ ಮಾಡಿದವರು ಏಝಾ ರಾಸ್ಕಿನ್. ಆಮೇಲೆ ಅವರೇ ಅದರ ಬಗ್ಗೆ ಬೇಸರ ಹೇಳಿಕೊಂಡರು. ಅದನ್ನು ಓದಿದಾಗ ನನಗೆ ಸ್ವಲ್ಪ ಸಮಾಧಾನ ಆಯಿತು. ಕೊನೆಯ ಪುಟ ಇಲ್ಲದ ಪೇಪರಿಗೆ ನಾನೇ ಒಂದು ಕೊನೆಯ ಪುಟ ಹಾಕಿಕೊಳ್ಳಬೇಕು, ಅಷ್ಟೇ.

ಅಣ್ಣನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅವನಿಗೆ ಫೋನ್ ಮಾಡಿ, ಈ ತಾಣಗಳು ತೆರೆಯದ ಹಾಗೆ ಮಾಡುವುದು ಹೇಗೆ ಎಂದು ಕೇಳಿದೆ. "ಅತ್ತೆ, ಅದಕ್ಕೆ ಏನೂ ಹಾಕಿಕೊಳ್ಳಬೇಕಾಗಿಲ್ಲ, ವಿಂಡೋಸ್ ಒಳಗೇ ಒಂದು ಫೈಲ್ ಇದೆ" ಎಂದ. ಹೋಸ್ಟ್ಸ್ ಅಂತ ಅದರ ಹೆಸರು. ಫೋನ್ ನಂಬರು ಬರೆದಿಡುವ ಪುಟ್ಟ ಪುಸ್ತಕ ಇದ್ದ ಹಾಗೆ. ಯಾವುದೇ ತಾಣದ ಹೆಸರು ಕೊಟ್ಟರೆ ಕಂಪ್ಯೂಟರ್ ಮೊದಲು ಈ ಫೈಲ್ ನೋಡುತ್ತದೆ. ಇದರಲ್ಲಿ ಸಿಗದಿದ್ದರೆ ಮಾತ್ರ ಹೊರಗೆ ವಿಳಾಸ ಕೇಳುತ್ತದೆ. ತಾಣದ ಹೆಸರಿನ ಮುಂದೆ 127.0.0.1 ಎಂದು ಬರೆದುಬಿಟ್ಟರೆ, ಆ ವಿಳಾಸ ನಿನ್ನ ಮನೆಯದೇ ಎಂದು ಹೇಳಿದ ಹಾಗೆ. ಕಂಪ್ಯೂಟರ್ ತನ್ನ ಬಾಗಿಲನ್ನೇ ತಾನು ತಟ್ಟಿಕೊಳ್ಳುತ್ತದೆ, ತಾಣ ತೆರೆಯುವುದಿಲ್ಲ.

ನೋಟ್‌ಪ್ಯಾಡನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಬರೆಯಬೇಕು, ಇಲ್ಲದಿದ್ದರೆ ಸೇವ್ ಆಗುವುದಿಲ್ಲ. ಒಂದೇ ತಾಣಕ್ಕೆ ಮುಂದೆ ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂ ಇರುವ ಹೆಸರು ಒಂದು, ಇಲ್ಲದ್ದು ಒಂದು, ಮೊಬೈಲಿನದ್ದು ಒಂದು. ಎಲ್ಲವನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಬೇಕು. ಬರೆದೆ. ಐದು ದಿನ ಬಹಳ ಚೆನ್ನಾಗಿ ಕೆಲಸ ಮಾಡಿತು.

ಆರನೇ ದಿನ ನನಗೆ ಇನ್ನೊಂದು ವಿಷಯ ಗೊತ್ತಾಯಿತು. ಸಾಲಿನ ಮುಂದೆ ಹ್ಯಾಶ್ (#) ಗುರುತು ಹಾಕಿದರೆ ಆ ಸಾಲು ಲೆಕ್ಕಕ್ಕೆ ಬರುವುದಿಲ್ಲ. ಹಾಕಿದರೆ ತಾಣ ತೆರೆಯುತ್ತದೆ, ಅಳಿಸಿದರೆ ಮುಚ್ಚುತ್ತದೆ. ಎರಡು ವಾರದೊಳಗೆ ಕೈಗೆ ಅದೂ ಅಭ್ಯಾಸ ಆಯಿತು. ಬೀಗ ಹಾಕಿ ಬೀಗದ ಕೈಯನ್ನು ಅದೇ ಚಿಲಕಕ್ಕೆ ನೇತುಹಾಕಿದ್ದೆ.

ಆಗಸ್ಟಿನಲ್ಲಿ ಸಿಟ್ಟು ಬಂದು ಬಹಳ ಬಿಗಿಯಾದ ಒಂದು ತಂತ್ರಾಂಶ ಹಾಕಿಕೊಂಡೆ. ಇದರಲ್ಲಿ ಟೈಮರ್ ಶುರು ಮಾಡಿದರೆ ಮುಗಿಯುವ ತನಕ ಬದಲಾಯಿಸುವ ಹಾಗಿಲ್ಲ. ಕಂಪ್ಯೂಟರ್ ಆರಿಸಿ ಹಚ್ಚಿದರೂ ಬಿಡುವುದಿಲ್ಲ. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. ಎಲ್ಲ ತಾಣಗಳನ್ನೂ ಮುಚ್ಚಿ, ಬೇಕಾದ ನಾಲ್ಕಕ್ಕೆ ಮಾತ್ರ ಅನುಮತಿ ಕೊಟ್ಟೆ. ಬೆಳಿಗ್ಗೆ 9ರಿಂದ ಸಂಜೆ 6.

ಮೊದಲ ವಾರ ದಿನಕ್ಕೆ ಏಳು ಪುಟ ಆಯಿತು. ಖುಷಿಯಾಗಿ ಮನೆಯವರಿಗೆಲ್ಲ ಹೇಳಿದೆ. ಎರಡನೇ ಶುಕ್ರವಾರ ಮಧ್ಯಾಹ್ನ ಪ್ರಕಾಶಕರಿಂದ ಫೋನ್. ಪುಟ ಕಟ್ಟಿದ ಕರಡನ್ನು ಗೂಗಲ್ ಡ್ರೈವಿಗೆ ಹಾಕಿದ್ದೇವೆ, ನಾಲ್ಕು ಗಂಟೆಯೊಳಗೆ ತಿದ್ದಿ ಕೊಡಿ, ಪ್ರೆಸ್ಸಿಗೆ ಹೋಗಬೇಕು ಎಂದರು. ನನ್ನ ಅನುಮತಿ ಪಟ್ಟಿಯಲ್ಲಿ ಡ್ರೈವ್ ಇರಲಿಲ್ಲ. ಸೇರಿಸುವುದನ್ನು ನಾನೇ ಮರೆತಿದ್ದೆ. ಆರು ಗಂಟೆಯ ತನಕ ಏನೂ ಮಾಡುವ ಹಾಗಿಲ್ಲ. ಮೊಬೈಲಿನಲ್ಲಿ ಪುಟ ತೆರೆದು ನೋಡಿದೆ, ಒತ್ತಕ್ಷರ ಸರಿಯಾಗಿ ಕಾಣಿಸಲಿಲ್ಲ. ಕೊನೆಗೆ ಬಸ್ ಸ್ಟಾಪಿನ ಹತ್ತಿರದ ಜೆರಾಕ್ಸ್ ಅಂಗಡಿಗೆ ಓಡಿದೆ. ಅಲ್ಲಿನ ಕಂಪ್ಯೂಟರಿನ ಮುಂದೆ ಎರಡು ಗಂಟೆ ಕೂತು ತಿದ್ದಿ ಕಳಿಸಿದೆ. ಹಿಂದೆ ಹುಡುಗರು ಹಾಲ್ ಟಿಕೆಟ್ ಪ್ರಿಂಟಿಗೆ ಕಾಯುತ್ತಾ ನಿಂತಿದ್ದರು. ನನ್ನ ಕೈ ನಡುಗುತ್ತಿತ್ತು.

ಅವತ್ತು ಸಂಜೆ ಆರಕ್ಕೆ ಬೀಗ ತೆರೆದ ಕೂಡಲೇ ಆ ತಂತ್ರಾಂಶವನ್ನು ತೆಗೆದುಹಾಕಿದೆ. ಆಮೇಲೆ ರಾತ್ರಿ ಹನ್ನೊಂದರ ತನಕ ಸುದ್ದಿ, ಯೂಟ್ಯೂಬಿನ ಶಾರ್ಟ್ಸ್ ಎಂಬ ಪುಟ್ಟ ವಿಡಿಯೊಗಳು, ಸೀರೆ. ಹಸಿದವರು ಊಟಕ್ಕೆ ಬಿದ್ದ ಹಾಗೆ. ಬಿಗಿ ಜಾಸ್ತಿಯಾದಷ್ಟೂ ಕಿತ್ತುಹಾಕುವ ಸಿಟ್ಟೂ ಜಾಸ್ತಿ ಎಂದು ನನಗೆ ಅವತ್ತು ಅರ್ಥವಾಯಿತು. ಕೆಲಸಕ್ಕೆ ಬೇಕಾದ್ದನ್ನೂ ಬೇಡವಾದ್ದನ್ನೂ ಒಂದೇ ಬೀಗದಲ್ಲಿ ಹಾಕಬಾರದು.

ಸೆಪ್ಟೆಂಬರಿನಲ್ಲಿ ಲೀಚ್‌ಬ್ಲಾಕ್ ಹಾಕಿಕೊಂಡೆ. ಇವತ್ತಿಗೂ ಅದೇ ಇದೆ. ಇದು ತಾಣಗಳನ್ನು ತಡೆಯಲು ಬ್ರೌಸರಿಗೆ ಸೇರಿಸುವ ಪುಟ್ಟ ತಂತ್ರಾಂಶ, ಎಕ್ಸ್‌ಟೆನ್ಷನ್ ಅನ್ನುತ್ತಾರೆ. ಫೈರ್‌ಫಾಕ್ಸ್, ಕ್ರೋಮ್, ಎಡ್ಜ್ ಎಲ್ಲಕ್ಕೂ ಸಿಗುತ್ತದೆ, ದುಡ್ಡು ಕೊಡಬೇಕಾಗಿಲ್ಲ. ನನಗೆ ಹಿಡಿಸಿದ್ದು ಇದರ ಸಣ್ಣ ಸಣ್ಣ ಸೌಲಭ್ಯಗಳು. ತಾಣಗಳನ್ನು ಗುಂಪು ಮಾಡಿ ಗುಂಪಿಗೊಂದು ನಿಯಮ ಹಾಕಬಹುದು. ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ದಿನಕ್ಕೆ ಎಷ್ಟು ನಿಮಿಷ, ಎಲ್ಲ ಹೇಳಬಹುದು. ಇಡೀ ತಾಣ ಮುಚ್ಚುವ ಬದಲು ಅದರ ಒಂದು ಭಾಗವನ್ನು ಮುಚ್ಚಬಹುದು. ಪಾಠಕ್ಕೆ ಸಂಬಂಧಪಟ್ಟ ಪ್ರಯೋಗಗಳ ವಿಡಿಯೊ ನೋಡಲು ನನಗೆ ಯೂಟ್ಯೂಬ್ ಬೇಕು. ಹಾಗಾಗಿ ಶಾರ್ಟ್ಸ್ ಭಾಗವನ್ನು ಮಾತ್ರ ಮುಚ್ಚಿದೆ. ಜೊತೆಗೆ ಯೂಟ್ಯೂಬಿನಲ್ಲೇ ವಾಚ್ ಹಿಸ್ಟರಿ ನಿಲ್ಲಿಸಿ ಹಳೆಯದನ್ನು ಅಳಿಸಿದೆ. ಆಮೇಲೆ ಮುಖಪುಟ ಖಾಲಿ. ಹುಡುಕುವ ಜಾಗ ಒಂದೇ ಕಾಣುತ್ತದೆ. ಒಂದು ವಿಡಿಯೊ ಮುಗಿದ ಮೇಲೆ ತಾನಾಗಿ ಇನ್ನೊಂದು ಶುರುವಾಗುವುದನ್ನೂ ನಿಲ್ಲಿಸಿದೆ. ಬೇಕಾದ್ದನ್ನು ಹುಡುಕಿ, ನೋಡಿ, ಎದ್ದು ಬರಬಹುದು. ಖಾಲಿ ಮುಖಪುಟ ನೋಡಿದ ಮೊದಲ ದಿನ ನನಗೆ ಗುಡಿಸಿದ ಅಂಗಳ ನೋಡಿದ ಹಾಗಾಯಿತು.

ತೂತುಗಳು ಇದ್ದೇ ಇದ್ದವು. ಫೈರ್‌ಫಾಕ್ಸಿನಲ್ಲಿ ಹಾಕಿದರೆ ಕೈ ಕ್ರೋಮ್ ತೆರೆಯಿತು. ಅಲ್ಲಿಯೂ ಹಾಕಿದೆ. ಹಿಸ್ಟರಿ ಉಳಿಸದ ಖಾಸಗಿ ವಿಂಡೋದಲ್ಲಿ ಎಕ್ಸ್‌ಟೆನ್ಷನ್ ಕೆಲಸ ಮಾಡಬೇಕಾದರೆ ನಾವೇ ಅನುಮತಿ ಕೊಡಬೇಕು. ಅದು ಗೊತ್ತಾಗಲು ಒಂದು ವಾರ ಬೇಕಾಯಿತು. ರಾತ್ರಿಗೂ ಒಂದು ನಿಯಮ ಹಾಕಿದೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ. ಮಧ್ಯರಾತ್ರಿ ದಾಟುವ ಹೊತ್ತನ್ನು ಎರಡು ತುಂಡು ಮಾಡಿ, 2200ರಿಂದ 2400, 0000ದಿಂದ 0600 ಎಂದು ಬರೆದೆ.

ಲ್ಯಾಪ್‌ಟಾಪ್ ಮುಚ್ಚಿಕೊಂಡರೆ ಮೊಬೈಲ್ ಇದೆಯಲ್ಲ. ದೊಡ್ಡ ತೂತು ಅದೇ. ಆಂಡ್ರಾಯ್ಡಿನ ಡಿಜಿಟಲ್ ವೆಲ್‌ಬೀಯಿಂಗ್‌ನಲ್ಲಿ ಆ್ಯಪಿಗೆ ಇಷ್ಟು ನಿಮಿಷ ಎಂದು ಇಡಬಹುದು. ಇಟ್ಟೆ. ಆದರೆ ಅಲ್ಲೇ ಹೋಗಿ ಟೈಮರ್ ತೆಗೆದುಹಾಕಲೂಬಹುದು, ಅಲ್ವಾ? ಕೊನೆಗೆ ಸುದ್ದಿಯ ಆ್ಯಪ್‌ಗಳನ್ನು ಅಳಿಸಿದೆ. ಯೂಟ್ಯೂಬ್ ಫೋನಿನ ಜೊತೆಯೇ ಬಂದದ್ದು, ಅಳಿಸಲು ಆಗುವುದಿಲ್ಲ, ಡಿಸೇಬಲ್ ಮಾಡಿದೆ. ಕೆಲಸದ ಹೊತ್ತಿನಲ್ಲಿ ಫೋನನ್ನು ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ, ಹಪ್ಪಳದ ಡಬ್ಬಿಯ ಪಕ್ಕ ಇಡುತ್ತೇನೆ. ರಿಂಗ್ ಆದರೆ ಕೇಳಿಸುತ್ತದೆ. ಸುಮ್ನೆ ತೆಗೆದುಕೊಳ್ಳಬೇಕಾದರೆ ಸ್ಟೂಲ್ ಎಳೆದು ಹತ್ತಬೇಕು.

ಈಗ ಪಾಸ್‌ವರ್ಡಿನ ವಿಷಯ. ನಿಯಮಗಳನ್ನು ಬದಲಾಯಿಸುವ ಪುಟಕ್ಕೆ ಲೀಚ್‌ಬ್ಲಾಕಿನಲ್ಲಿ ಪಾಸ್‌ವರ್ಡ್ ಇಡಬಹುದು. ನಾನೇ ಇಟ್ಟುಕೊಂಡರೆ ಏನು ಪ್ರಯೋಜನ? ಯಜಮಾನರಿಗೆ ಹೇಳಿ ಅವರ ಕೈಯಿಂದ ಟೈಪ್ ಮಾಡಿಸಿದೆ. ಮೊದಲ ಸಲ ಕೇಳಿದಾಗ "ಬೇಡ ಬಿಡು" ಎಂದರು. ಎರಡನೇ ಸಲ ಅವರು ಕೆಲಸ ಮಾಡುವ ಬ್ಯಾಂಕಿಗೆ ಫೋನ್ ಮಾಡಿ ಕೇಳಿದೆ. ಕೌಂಟರಿನಲ್ಲಿ ಜನ ಇದ್ದರೇನೋ, ಒಂದೇ ಉಸಿರಿಗೆ ಹೇಳಿ ಇಟ್ಟುಬಿಟ್ಟರು. ಮೂರನೇ ಸಲ ಕೊಡದಿದ್ದಾಗ ನಾನು ರೇಗಿದೆ. "ನೀನೇ ಕೊಡಬೇಡಿ ಅಂದೆ, ನೀನೇ ಕೊಡಿ ಅಂತೀಯ, ನಾನೇನು ಮಾಡಲಿ?" ಎಂದರು. ಅವರ ತಪ್ಪು ಏನೂ ಇಲ್ಲ. ಒಂದೇ ಮನೆಯಲ್ಲಿ ಇರುವವರ ಕೈಗೆ ಇಂಥ ಕಾವಲು ಕೊಡಬಾರದು ಎಂದು ನನಗನ್ನಿಸಿತು. ದಿನಸಿ, ಕರೆಂಟ್ ಬಿಲ್ಲು, ಮಗಳ ಟ್ಯೂಷನ್ ಎಂದು ನೂರು ಮಾತು ಇರುವ ಜಾಗದಲ್ಲಿ ಇದೂ ಒಂದು ಜಗಳ ಆಗಿಬಿಡುತ್ತದೆ.

ನಾವಿರುವುದು ಮೈಸೂರಿನಲ್ಲಿ. ದಸರೆಗೆ ಹಾಸನದಿಂದ ಅಕ್ಕ ಬಂದಿದ್ದಳು. ಬೊಂಬೆ ಕೂರಿಸುತ್ತಾ ಇದನ್ನೆಲ್ಲ ಅವಳಿಗೆ ಹೇಳಿಕೊಂಡೆ. ಅಕ್ಕನಿಗೆ ಕಂಪ್ಯೂಟರ್ ಅಷ್ಟಾಗಿ ಬರುವುದಿಲ್ಲ. ಆದರೆ ಮಾತು ಪೂರ್ತಿ ಕೇಳಿಸಿಕೊಂಡಳು. "ಚಿಕ್ಕವಳಿದ್ದಾಗ ಬೆಲ್ಲದ ಡಬ್ಬಿ ಎಲ್ಲಿಟ್ಟರೂ ನಿನಗೆ ಗೊತ್ತಾಗ್ತಿತ್ತು ಕಣೇ. ಅಮ್ಮ ಕೊನೆಗೆ ಪಕ್ಕದ ಮನೇಲಿ ಇಡೋಳು" ಎಂದಳು. ನನ್ನನ್ನು ಹೊರಗೆ ಕಳಿಸಿ, ಒಂದೊಂದೇ ಅಕ್ಷರ ಹುಡುಕಿ ಒತ್ತಿ ಪಾಸ್‌ವರ್ಡ್ ಹಾಕಿದಳು. ಅದನ್ನು ತನ್ನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಂಡು ಹಾಸನಕ್ಕೆ ಹೋದಳು.

ಎಕ್ಸ್‌ಟೆನ್ಷನನ್ನೇ ಕಿತ್ತುಹಾಕಲು ಎರಡು ಕ್ಲಿಕ್ ಸಾಕು. ಇದು ನನಗೂ ಗೊತ್ತು. ಆದರೂ ಮಾಡಿಲ್ಲ. ಭಾನುವಾರ ಫೋನ್ ಮಾಡಿದಾಗ ಅಕ್ಕ "ಇದೆಯೇನೇ ಅದು?" ಎಂದು ಕೇಳುತ್ತಾಳೆ. ಅವಳಿಗೆ ಸುಳ್ಳು ಹೇಳಲು ನನ್ನಿಂದ ಆಗುವುದಿಲ್ಲ.

ಅಕ್ಕ ಇದ್ದಾಗಲೇ ಇನ್ನೊಂದು ಬದಲಾವಣೆ ಮಾಡಿದೆ, ಹೆಚ್ಚು ಉಪಯೋಗವಾದದ್ದು ಅದೇ. ಸುದ್ದಿ ತಾಣಗಳನ್ನು ಪೂರ್ತಿ ಮುಚ್ಚುವುದನ್ನು ಬಿಟ್ಟು, ತಡವಾಗಿ ತೆರೆಯುವ ಹಾಗೆ ಮಾಡಿದೆ. ತಾಣದ ಹೆಸರು ಒತ್ತಿದರೆ ಮೊದಲು ಒಂದು ಖಾಲಿ ಪುಟ ಬರುತ್ತದೆ. 30 ಸೆಕೆಂಡು ಎಣಿಕೆ ಇಳಿಯುತ್ತದೆ. ಅಷ್ಟು ಹೊತ್ತು ಕಾದರೆ ತಾಣ ತೆರೆಯುತ್ತದೆ, ಯಾರೂ ಬೇಡ ಅನ್ನುವುದಿಲ್ಲ. ತಡೆ ಹಾಕಿದಾಗ ಮುರಿಯಬೇಕು ಅನ್ನಿಸುತ್ತಿತ್ತು. ತಡ ಮಾಡಿದಾಗ ಹಾಗೆ ಅನ್ನಿಸಲಿಲ್ಲ. 30 ಸೆಕೆಂಡು ಅಂದರೆ ಒಲೆಯ ಮೇಲೆ ಹಾಲು ಉಕ್ಕುತ್ತದಾ ಎಂದು ನೋಡುತ್ತಾ ನಿಲ್ಲುವಷ್ಟು ಹೊತ್ತು. 20 ಬರುವಷ್ಟರಲ್ಲಿ "ನಾನು ಇಲ್ಲಿಗೆ ಯಾಕೆ ಬಂದೆ?" ಅನ್ನಿಸುತ್ತದೆ. 10 ಬರುವಷ್ಟರಲ್ಲಿ ಟ್ಯಾಬ್ ಮುಚ್ಚಿರುತ್ತೇನೆ. ಎಲ್ಲ ಸಲವೂ ಅಲ್ಲ. ಕಾದು ಕೂತು ಓದಿದ ದಿನಗಳೂ ಬೇಕಾದಷ್ಟಿವೆ. ಆದರೆ ಓದಿದ್ದು ನೆನಪಿರುತ್ತದೆ, ನಾನೇ ಬೇಕು ಎಂದು ಓದಿದ್ದು ಅಲ್ವಾ?

ಸೀರೆ ತಾಣ ಮತ್ತು ಶಾರ್ಟ್ಸ್ ಪೂರ್ತಿ ಮುಚ್ಚಿವೆ. ಅಲ್ಲಿಗೆ ಹೋಗಲು ನೋಡಿದರೆ ಬೇರೆ ಪುಟ ತೆರೆಯುವ ಹಾಗೆ ಮಾಡಬಹುದು. ನಾನು ಅಲರ್ ನಿಘಂಟಿನ ವಿಳಾಸ ಕೊಟ್ಟಿದ್ದೇನೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ಅದು, 2019ರಲ್ಲಿ ಎಲ್ಲರಿಗೂ ಬಿಟ್ಟಿಯಾಗಿ ತೆರೆದಿಟ್ಟರು. ಕೈ ತಪ್ಪಿ ಹೋದಾಗಲೆಲ್ಲ ಆ ಪುಟ ಬರುತ್ತದೆ. ಒಂದೊಂದು ಸಲ ಅಲ್ಲೇ ಒಂದು ಪದ ಹುಡುಕಿ ಕೆಲಸಕ್ಕೆ ವಾಪಸ್ ಬರುತ್ತೇನೆ.

ನವೆಂಬರಿನಲ್ಲಿ ಕೀಬೋರ್ಡಿನ ಪಕ್ಕ ಒಂದು ಚೀಟಿ ಇಟ್ಟುಕೊಂಡೆ. ಎಣಿಕೆಯ ಪುಟ ಬಂದಾಗಲೆಲ್ಲ ಒಂದು ಗೀಟು, ಪಕ್ಕದಲ್ಲಿ ಆಗ ಏನು ಮಾಡುತ್ತಿದ್ದೆ ಎಂದು ಎರಡು ಪದ. ಬೇಸರವಾದಾಗ ಹೋಗುತ್ತೇನೆ ಎಂದೇ ನಾನು ಅಂದುಕೊಂಡಿದ್ದೆ. ಚೀಟಿ ಬೇರೆ ಹೇಳಿತು. ಒಂದು ಮಂಗಳವಾರ ಬೆಳಿಗ್ಗೆ ಆರು ಗೀಟು, ಆರೂ ಒಂದೇ ಪ್ಯಾರಾದಲ್ಲಿ. ನೀರಿನ ಮೇಲೆ ಸೂಜಿ ತೇಲುವ ಪಾಠ. 'ಮೇಲ್ಮೈ ಎಳೆತ' ಅನ್ನಬೇಕೋ 'ಮೇಲ್ಮೈ ಕರ್ಷಣ' ಅನ್ನಬೇಕೋ ತಿಳಿಯದೆ ಒದ್ದಾಡುತ್ತಿದ್ದೆ. ಮಕ್ಕಳಿಗೆ ಎಳೆತ ಬೇಗ ಅರ್ಥವಾಗುತ್ತದೆ. ಮುಂದಿನ ತರಗತಿಯ ಪುಸ್ತಕದಲ್ಲಿ ಕರ್ಷಣ ಬರುತ್ತದೆ. ಇತ್ಯರ್ಥವಾಗದ ಪ್ರತಿ ಸಲವೂ ಕೈ ಸುದ್ದಿಯ ಕಡೆಗೆ ಹೋಗಿತ್ತು.

ಮಿಕ್ಕ ಗೀಟುಗಳೂ ಹೆಚ್ಚುಕಡಿಮೆ ಹಾಗೆಯೇ. ಸಿಕ್ಕಿಕೊಂಡ ವಾಕ್ಯ. ಬರಬೇಕಾದ ದುಡ್ಡಿಗೆ ಕಾಯುವ ಹೊತ್ತು. ಯಾರಿಗೋ ಖಾರವಾಗಿ ಉತ್ತರ ಬರೆಯಬೇಕಾದಾಗ. ಕಷ್ಟದ ಎದುರು ಕೂರಲಾರದೆ ಎದ್ದು ಹೋಗುತ್ತಿದ್ದೆ, ಕುರ್ಚಿಯಿಂದ ಏಳದೆ. ಇದು ಗೊತ್ತಾಗಿರದಿದ್ದರೆ ಎಷ್ಟು ಬೀಗ ಹಾಕಿದರೂ ಅಷ್ಟೇ ಆಗುತ್ತಿತ್ತು. ಈಗ ಸಿಕ್ಕಿಕೊಂಡ ಪದವನ್ನು ಒಂದು ಹಾಳೆಯಲ್ಲಿ ಬರೆದಿಟ್ಟು ಮುಂದಿನ ವಾಕ್ಯಕ್ಕೆ ಹೋಗುತ್ತೇನೆ. ಮಧ್ಯಾಹ್ನ ಊಟ ಆದ ಮೇಲೆ ಆ ಪದಗಳನ್ನೆಲ್ಲ ಒಟ್ಟಿಗೆ ನೋಡುತ್ತೇನೆ. ಆ ಪಾಠದಲ್ಲಿ ಎಳೆತ ಎಂದೇ ಬರೆದೆ, ಮೊದಲ ಸಲ ಬಂದಾಗ ಮಾತ್ರ ಕರ್ಷಣವನ್ನೂ ಪಕ್ಕದಲ್ಲಿ ಕೊಟ್ಟೆ.

ಒಂದು ಮಾತು ಹೇಳಲೇಬೇಕು. ನನ್ನದು ಕೆಲಸದ ಹೊತ್ತು ತಿನ್ನುವ ಚಟ. ಇದರಿಂದ ನಿದ್ದೆ, ಊಟ, ಓದು ಎಲ್ಲ ಹಾಳಾದವರಿದ್ದಾರೆ. ಆನ್‌ಲೈನ್ ಜೂಜಿನಲ್ಲಿ ದುಡ್ಡು ಕಳೆದುಕೊಂಡವರಿದ್ದಾರೆ. ಅವರಿಗೆ ಒಂದು ಎಕ್ಸ್‌ಟೆನ್ಷನ್ ಸಾಲುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಶಟ್ ಎಂಬ ಕ್ಲಿನಿಕ್ 2014ರಿಂದ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ದಯವಿಟ್ಟು ನಾಚಿಕೆಪಡಬೇಡಿ.

2025ರ ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಅಕ್ಕನಿಗೆ ಫೋನ್ ಮಾಡಿ ಪಾಸ್‌ವರ್ಡ್ ಕೇಳಿದೆ. ಕೊಡಲ್ಲ ಎಂದು ಅವಳು ಹೇಳಲಿಲ್ಲ. "ಪುಸ್ತಕ ತರ್ತೀನಿ ಇರು. ಯಾಕೇ, ಏನಾಯ್ತು?" ಎಂದಳು. ಅವತ್ತು ಬೆಳಿಗ್ಗೆ ಒಬ್ಬ ಪ್ರಕಾಶಕರು, ಮುಂದಿನ ಪುಸ್ತಕಕ್ಕೆ ಪುಟದ ದರ ಕಡಿಮೆ ಮಾಡುತ್ತೇವೆ ಎಂದು ಹೇಳಿದ್ದರು. ಹತ್ತು ವರ್ಷ ಅವರಿಗೆ ಕೆಲಸ ಮಾಡಿದ್ದೆ. ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳುತ್ತಾ ಹೋದೆ, ಗಂಟಲು ಕಟ್ಟಿತು. ಅಕ್ಕ ತನ್ನ ಸೊಸೆಯ ವಿಷಯ ಹೇಳಿದಳು, ಭಾವನ ಸಕ್ಕರೆ ಕಾಯಿಲೆಯ ವಿಷಯ ಹೇಳಿದಳು. ನಲವತ್ತು ನಿಮಿಷ ಆಗಿತ್ತು. ಫೋನ್ ಇಟ್ಟ ಮೇಲೆ ನೆನಪಾಯಿತು, ಪಾಸ್‌ವರ್ಡ್ ತೆಗೆದುಕೊಳ್ಳಲೇ ಇಲ್ಲ. ಮತ್ತೆ ಫೋನ್ ಮಾಡಲಿಲ್ಲ.

ಜೂನ್‌ನಲ್ಲಿ ಮಗಳು ಹತ್ತನೇ ಕ್ಲಾಸಿಗೆ ಬಂದಳು. ಬೆಳಿಗ್ಗೆ ಟ್ಯೂಷನ್ನಿಗೆ ಬೇಗ ಹೊರಡುತ್ತಾಳೆ. ನನ್ನ ಕೆಲಸದ ಹೊತ್ತೂ ಬದಲಾಯಿತು, 7ಕ್ಕೇ ಕೂರುತ್ತೇನೆ. ನಿಯಮದಲ್ಲಿ ಸಮಯ ಬದಲಾಯಿಸಬೇಕಾಗಿತ್ತು. ಅಕ್ಕ ಹಳೆಯ ಪಾಸ್‌ವರ್ಡ್ ಹೇಳಿದಳು. ಅದು ನಮ್ಮ ಅಮ್ಮನ ಹೆಸರು, ಕೊನೆಯಲ್ಲಿ ನಮ್ಮ ಹಳೇ ಮನೆಯ ನಂಬರು. ಸಮಯ ತಿದ್ದಿದ ಮೇಲೆ ಹೊಸದನ್ನು ಹಾಕಲು ಮಗಳನ್ನು ಕೂರಿಸಿ ನಾನು ಅಡುಗೆಮನೆಗೆ ಹೋದೆ. ಫೋನಿನಲ್ಲಿ ಅಕ್ಕ ಹೇಳುತ್ತಿದ್ದಳು, ಮಗಳು ಟೈಪ್ ಮಾಡುತ್ತಿದ್ದಳು. "ದೊಡ್ಡಮ್ಮ, ಮೆಲ್ಲಗೆ ಹೇಳಿ, ಸ್ಪೀಕರ್ ಆನ್ ಇದೆ, ಅಮ್ಮನಿಗೆ ಕೇಳ್ಸುತ್ತೆ" ಎಂದಳು. ನಾನು ಒಗ್ಗರಣೆಗೆ ಸಾಸಿವೆ ಹಾಕಿದೆ. ಆಮೇಲೆ ಏನು ಹೇಳಿದರೋ ಕೇಳಿಸಲಿಲ್ಲ.